ಬೆಚ್ಚಗಿದ್ದ ಹಲಗೆ

1994ರಲ್ಲಿ ಏಳನೇ ತರಗತಿಗೆ ನನ್ನ ಓದು ನಿಂತಿತು. ಅಣ್ಣ ಮದುವೆ ಮನೆಗಳಿಗೆ ಮೈಕು, ಲೈಟು ಬಾಡಿಗೆಗೆ ಕೊಡುತ್ತಿದ್ದ. ವೈರು ಸುಲಿಯಲು ಕಲಿತದ್ದು ಅವನಿಂದ. ಆಮೇಲೆ ದರ್ಬೆ ಪೇಟೆಯಲ್ಲಿ ವಾಹನಗಳ ವೈರಿಂಗ್ ಅಂಗಡಿ ಹಾಕಿದೆ. ನನ್ನ ವೈರಿಂಗಿನಿಂದ ಸುಟ್ಟ ವಾಹನ ಇವತ್ತಿಗೂ ಒಂದಿಲ್ಲ. ಜಂಬದಿಂದಲೇ ಬರೆಯುತ್ತಿದ್ದೇನೆ.

ಅಣ್ಣ ತೀರಿಹೋದ ಮೇಲೆ ಅವನ ಮೈಕಿನ ವ್ಯಾನು ಆಲಂಕಾರು ಊರಿನ ಅವನ ಮನೆಯ ಶೆಡ್ಡಿನಲ್ಲಿ ಬ್ಯಾಟರಿ ಇಲ್ಲದೆ ನಿಂತಿತ್ತು. ಅದರಲ್ಲೇ ಮಲಗಿಕೊಂಡು ಊರೂರು ತಿರುಗಬೇಕೆಂದು ಅಣ್ಣ, ಅತ್ತಿಗೆ ಮೊದಲೇ ಮಾತಾಡಿಕೊಂಡಿದ್ದರಂತೆ.

"ಅವರಿಲ್ಲದಿದ್ದರೆ ಎಂತ, ನಾನು ಹೋಗುದೇ," ಎಂದರು ಅತ್ತಿಗೆ.

ಬಡಗಿ ಮಂಚ ಮಾಡಿ, ಒಳಗೋಡೆಗೆಲ್ಲ ಹಲಗೆ ಹೊಡೆದ. ನಾನು ಮೇಲೆ ಸೋಲಾರ್ ಪ್ಯಾನೆಲ್ ಕೂರಿಸಿದೆ. ಎಂಜಿನ್ ಸ್ಟಾರ್ಟ್ ಮಾಡಲು ಮುಂದೆ ಒಂದು ಬ್ಯಾಟರಿ, ಒಳಗಿನ ಲೈಟು, ಫ್ಯಾನು, ಪುಟ್ಟ ಫ್ರಿಜ್ಜಿಗೆ ಹಿಂದೆ ಇನ್ನೊಂದು. ಫ್ರಿಜ್ಜಿನಲ್ಲಿ ಅತ್ತಿಗೆಯ ಇನ್ಸುಲಿನ್. ಅದು ಕೆಟ್ಟರೆ ತಿರುಗಾಟ ಮುಗಿದ ಹಾಗೆ. ಮೈಕಿಗೆಂದು ಅಣ್ಣ ಎಳೆದಿದ್ದ ದಪ್ಪ ಕೇಬಲ್ ಗಟ್ಟಿಯಾಗಿತ್ತು, ಬದಲಿಸಲು ಮನಸ್ಸಾಗದೆ ಹಿಂದಿನ ಬ್ಯಾಟರಿಯನ್ನು ಅದಕ್ಕೇ ಕೊಟ್ಟೆ.

ಮೊದಲ ಸಲ ನಾನು, ನನ್ನ ಹೆಂಡತಿ, ಅತ್ತಿಗೆ ಉಪ್ಪಿನಂಗಡಿಗೆ ಹೋಗಿ ಹೊಳೆಬದಿ ನಿಂತೆವು. ಮೋಡ ಕಟ್ಟಿತ್ತು, ಪ್ಯಾನೆಲಿಗೆ ಬಿಸಿಲಿರಲಿಲ್ಲ. ಆದರೂ ನನ್ನ ಲೆಕ್ಕದಂತೆ ಬ್ಯಾಟರಿ ಮೂರು ದಿನ ಬರಬೇಕಿತ್ತು. ಎರಡನೇ ದಿನ ಮಧ್ಯಾಹ್ನವೇ ಫ್ರಿಜ್ಜು ನಿಲ್ಲುವ ಹಾಗಾಯಿತು. ಎಲ್ಲ ಸ್ವಿಚ್ ಆರಿಸಿ, ಫ್ಯೂಸುಗಳನ್ನೂ ಕಿತ್ತು ಕೇಬಲಿಗೆ ಮೀಟರ್ ಹಿಡಿದೆ. ಅರ್ಧ ಆಂಪಿಯರ್ ಹೋಗುತ್ತಲೇ ಇತ್ತು. ಯಾರೋ ಕೂತು ಕುಡಿಯುತ್ತಿದ್ದ ಹಾಗೆ.

"ಇಲ್ಲಿ ಕೈ ಇಡು ಮಾರಾಯ," ಎಂದರು ಅತ್ತಿಗೆ, ಮಂಚದ ತಲೆಯ ಬದಿಯ ಹಲಗೆ ತೋರಿಸಿ. "ನಿನ್ನೆಯಿಂದ ಹೇಳ್ತಾ ಇದ್ದೇನೆ, ಬೆಚ್ಚಗುಂಟು."

"ಎಂಜಿನಿನ ಬಿಸಿ ಅಕ್ಕಾ, ಅದಕ್ಕೂ ಹೆದರುದಾ?" ನನ್ನ ಹೆಂಡತಿ ನಕ್ಕಳು.

ಎಂಜಿನ್ ಹಿಂದಿನ ದಿನವೇ ಆರಿತ್ತು. ಕೈ ಇಟ್ಟೆ. ಅಂಗೈಯಷ್ಟೇ ಅಗಲ, ಮನುಷ್ಯರ ಮೈಯಷ್ಟೇ ಬಿಸಿ. ನಾನು ನಗಲಿಲ್ಲ.

ಸ್ಕ್ರೂ ಬಿಚ್ಚಿ ಹಲಗೆ ಸರಿಸಿದರೆ ಕತ್ತಲಲ್ಲಿ ಒಂದು ಬಲ್ಬು ಕೆಂಪಗೆ ಉರಿಯುತ್ತಿತ್ತು. ಮೊದಲು ಅಲ್ಲಿ ಅಣ್ಣ ದೇವರ ಪಟ ಇಟ್ಟಿದ್ದ. ನಮ್ಮ ಕಡೆ ಎಷ್ಟೋ ಮಂದಿ ಹಾಗೆಯೇ, ಆರಬಾರದೆಂದು ದೇವರ ದೀಪಕ್ಕೆ ಸ್ವಿಚ್ ಹಾಕಿಸುವುದಿಲ್ಲ. ಅಣ್ಣ ಫ್ಯೂಸಿಗಿಂತ ಮೊದಲೇ ಕೇಬಲಿನಿಂದ ನೇರ ವೈರು ಎಳೆದು, ಬೇಗ ಸುಡದಿರಲಿ ಎಂದು ಇಪ್ಪತ್ತನಾಲ್ಕು ವೋಲ್ಟಿನ ಲಾರಿ ಬಲ್ಬು ಹಾಕಿದ್ದ. ವ್ಯಾನಿನ ಹನ್ನೆರಡು ವೋಲ್ಟಿಗೆ ಅದು ಮಂಕಾಗಿ ವರ್ಷಗಟ್ಟಲೆ ಉರಿಯುತ್ತದೆ. ಅವನು ಹೋದ ಮೇಲೆ ಪಟವನ್ನು ಮನೆಯೊಳಗೆ ಇಟ್ಟಿದ್ದರು. ವ್ಯಾನಿನಲ್ಲಿ ಬ್ಯಾಟರಿ ಇಲ್ಲದ ಕಾಲದಲ್ಲಿ ಬಡಗಿ ಆ ಸತ್ತ ಬಲ್ಬನ್ನು ಲೆಕ್ಕಿಸದೆ ಹಲಗೆ ಹೊಡೆದಿದ್ದ. ನಾನು ಹೊಸ ಬ್ಯಾಟರಿ ಕೊಟ್ಟ ಗಳಿಗೆಯಲ್ಲಿ ಅದು ಒಳಗೇ ಎದ್ದಿತ್ತು.

"ಇಷ್ಟು ದಿನ ಅವರು ಒಬ್ಬರೇ ಇದ್ದರಲ್ಲ," ಎಂದರು ಅತ್ತಿಗೆ, ಬಲ್ಬು ನೋಡುತ್ತ.

ನನ್ನ ಕೈಯಲ್ಲಿ ಕಟ್ಟಿಂಗ್ ಪ್ಲೇಯರ್ ಇತ್ತು. ಕೈ ಮುಂದೆ ಹೋಗಲಿಲ್ಲ.

"ಇರಲಿ ಅತ್ತಿಗೆ, ದೊಡ್ಡ ಬ್ಯಾಟರಿ ಹಾಕುವ."

"ಬೇಡ. ನನಗೆ ಹೋಗ್ಲಿಕ್ಕುಂಟು." ಸೆರಗಿನಲ್ಲಿ ಹಿಡಿದು ಬಲ್ಬನ್ನು ತಿರುಗಿಸಿ ತೆಗೆದರು. ಬಿಸಿ ಆರುವ ತನಕ ಮುಷ್ಟಿಯಲ್ಲಿಟ್ಟುಕೊಂಡು ನನಗೆ ಕೊಟ್ಟರು. "ಅಂಗಡಿಯಲ್ಲಿ ಇಡು. ಬಿಸಾಡಬೇಡ."

ಮುಂದಿನ ಸಲ ಸುಳ್ಯಕ್ಕೆ ಹೋದಾಗ ಮೂರು ದಿನ ಬಿಸಿಲಿರಲಿಲ್ಲ. ಇನ್ಸುಲಿನ್ ತಣ್ಣಗೇ ಇತ್ತು. ವ್ಯಾನು ಹತ್ತಿದಾಗೆಲ್ಲ ನನ್ನ ಕೈ ಈಗಲೂ ಆ ಹಲಗೆಗೆ ಹೋಗುತ್ತದೆ. ಅದೂ ತಣ್ಣಗಿರುತ್ತದೆ.

ಈಗ ನನ್ನಲ್ಲಿರುವುದು ಒಂದು ಅಂಗಡಿ, ಎರಡು ಮೀಟರ್, ಅಣ್ಣನ ಒಂದು ಸ್ಕ್ರೂಡ್ರೈವರ್, ಕರೆಂಟು ಕೊಟ್ಟರೆ ಇನ್ನೂ ಉರಿಯುವ ಒಂದು ಬಲ್ಬು.