ಬಂಡೆಯ ಬಿರುಕು, ಮನೆಯ ಬೋರು

ನೆಲದಡಿಯ ಬಿರುಕು ಬಂಡೆಯಲ್ಲಿ ಕಚ್ಚಾ ಎಣ್ಣೆ ಹೇಗೆ ಹರಿಯುತ್ತದೆಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು ನನ್ನ ಸಂಶೋಧನೆ. ಬಿಳಿಗೆರೆಯ ತೋಟದ ಮನೆಯಲ್ಲಿ ಕೂತು ಎಣ್ಣೆಬಾವಿಯ ಲೆಕ್ಕ ಮಾಡುವವಳನ್ನು ಕಂಡರೆ ಯಾರಿಗೆ ನಗು ಬರುವುದಿಲ್ಲ? "ಕೊಬ್ರಿಲೇ ಎಣ್ಣೆ ಐತಲ್ಲ ಕಣೇ, ಗಾಣಕ್ಕೆ ಹಾಕಿದ್ರೆ ತಾನೇ ಹರೀತದೆ" ಎಂದು ಅಣ್ಣ ದಿನವೂ ಕಾಲೆಳೆಯುತ್ತಿದ್ದ. ಅತ್ತಿಗೆ ಮಾತ್ರ ಪಕ್ಕದಲ್ಲಿ ಕೂತು ನೋಡುತ್ತಿದ್ದಳು. ಕಂಪ್ಯೂಟರಿನ ಪರದೆಯ ಮೇಲೆ, ಎಣ್ಣೆಯನ್ನು ತಳ್ಳಲೆಂದು ಬಿಟ್ಟ ನೀರು ಬಿರುಕು ಹಿಡಿದು ಸರ್ರನೆ ಓಡಿದರೆ, "ಅಯ್ಯೋ, ತಪ್ಪಿಸ್ಕೊಂಡೋಯ್ತು ಬುಡು" ಎಂದು ನಗುತ್ತಿದ್ದಳು.

ಮದುವೆಯಾಗಿ ಎಷ್ಟೋ ವರ್ಷದ ಮೇಲೆ ಅವಳು ಬಸುರಾದಳು. ಕತ್ತಲಲ್ಲಿ ಹಿತ್ತಿಲ ತುದಿಯವರೆಗೆ ನಡೆಯಬಾರದೆಂದು ಅಣ್ಣ ಮನೆಗೇ ಅಂಟಿಸಿ ಹೊಸ ಕಕ್ಕಸು ಕಟ್ಟಿಸಿದ. ಗುಂಡಿ ತೋಡಿಸಲಿಲ್ಲ. ಹಿಂದುಗಡೆ ಕೊರೆಸಿದಾಗ ನೀರೇ ಬೀಳದ ಬೋರೊಂದಿತ್ತು, ಪೈಪನ್ನು ಅದಕ್ಕೇ ಇಳಿಸಿದ. ಹೀಗೆ ಮಾಡುವವನು ಅವನೊಬ್ಬನೇ ಅಲ್ಲ. ಫೇಲಾದ ಬೋರಿಗೆ ಬಿಟ್ಟರೆ ಜನ್ಮದಲ್ಲಿ ತುಂಬುವುದಿಲ್ಲ ಎಂದು ಗಾರೆಯವರೇ ಹೇಳಿಕೊಡುತ್ತಾರೆ. ನಾವು ಕುಡಿಯುವ ನೀರಿನ ಬೋರು ಮನೆಯ ಮುಂದೆ.

ನಾನು ಕೂಗಾಡಿದೆ. "ಮಣ್ಣಾದ್ರೆ ಸೋಸ್ತದೆ, ಬಂಡೆ ಬಿರುಕು ಏನೂ ಸೋಸಲ್ಲ ಕಣಣ್ಣ. ಎರಡಕ್ಕೂ ಒಂದೇ ಬಿರುಕು ಸಿಕ್ಕಿದ್ರೆ ಹಿಂದೆ ಬಿಟ್ಟಿದ್ದು ಮುಂದೆ ಬರ್ತದೆ."

"ಆ ಬೋರಲ್ಲಿ ನೀರೇ ಬರ್ಲಿಲ್ಲ. ಬಿರುಕಿದ್ದಿದ್ರೆ ನೀರು ಬರ್ತಿರ್ಲಿಲ್ವೇನೇ?"

ಆ ಪಾತಾಳದಿಂದ ಏನೂ ಮೇಲೆ ಬಾರದೆಂದು ಅವನ ನಂಬಿಕೆ. ಕೋಣನ ಮುಂದೆ ಕಿನ್ನರಿ ನುಡಿಸಿದ ಹಾಗಾಯಿತು. ಕೊನೆಗೆ ಅತ್ತಿಗೆಯೇ ನಡುವೆ ಬಂದಳು. "ಕಾಯ್ಸಿ ಕುಡೀತೀನಿ, ಕಿತ್ತಾಡ್ಬ್ಯಾಡಿ." ಸ್ವಲ್ಪ ದಿನ ಕಾಯಿಸಿದಳು ಕೂಡ. ಆಮೇಲೆ ಕಾಯಿಸಿದ ನೀರು ಸಪ್ಪೆ, ವಾಕರಿಕೆ ಬರುತ್ತದೆ ಎಂದು ಬಿಟ್ಟಳು.

ಮಳೆ ಹಿಡಿದ ಮೇಲೆ ಮನೆಯವರಿಗೆಲ್ಲ ಜ್ವರ, ವಾಂತಿ. ನಾವು ಚೇತರಿಸಿಕೊಂಡು ಎದ್ದೆವು, ಅತ್ತಿಗೆಯ ಕಣ್ಣು ಹಳದಿಯಾಯಿತು. ಅಣ್ಣ ಮೊದಲು ಕಾಮಾಲೆಗೆ ನಾಟಿ ಔಷಧಿ ತಂದ, ಆಮೇಲೆ ತುಮಕೂರಿಗೆ ಕರೆದೊಯ್ದ. ಇದು ಕೆಟ್ಟ ನೀರಿನಿಂದ ಬರುವ ಕಾಮಾಲೆ, ಬಸುರಿಯರಿಗೆ ಬಹಳ ಅಪಾಯ ಎಂದರು ಡಾಕ್ಟರು. ಮಗು ಹೊಟ್ಟೆಯಲ್ಲೇ ಹೋಯಿತು. ಎರಡು ದಿನಕ್ಕೆ ಅವಳೂ ಹೋದಳು.

ನನಗೆ ದುಃಖಕ್ಕಿಂತ ಸಿಟ್ಟೇ ಹೆಚ್ಚಾಗಿತ್ತು. ಅಣ್ಣ ಕಕ್ಕಸಿನ ಪೈಪನ್ನು ಹಾರೆಯಿಂದ ಕುಟ್ಟಿ ಪುಡಿ ಮಾಡುವಾಗಲೂ ಅದು ತಣಿಯಲಿಲ್ಲ. ಆ ದಿನಗಳಲ್ಲೇ ನಾನು ಯಾರಿಗೂ ಹೇಳದೆ ನಮ್ಮ ಎರಡು ಬೋರುಗಳನ್ನೇ ಲೆಕ್ಕಕ್ಕೆ ಹಾಕಿ ನೋಡಿದ್ದೆ.

ಕಾರ್ಯವೆಲ್ಲ ಮುಗಿದು ನೆಂಟರು ಹೊರಟ ಮೇಲೆ, ಒಂದು ಬೆಳಿಗ್ಗೆ ಅವನೇ ನನ್ನ ಮೇಜಿನ ಹತ್ತಿರ ಬಂದು ನಿಂತ.

"ಅದು ನಮ್ಮ ಬೋರಿಂದ್ಲೇ ಬಂತಾ? ಅರಳಗುಪ್ಪೆ ಮದುವೆಗೆ ಹೋದಾಗ್ಲೂ ಎಲ್ರೂ ನೀರು ಕುಡಿದಿದ್ವಿ, ಅವಳೂ ಕುಡಿದಿದ್ಲು. ನಿನ್ನ ಲೆಕ್ಕ ಏನಂತದೆ?"

ಬಂಡೆಯ ಒಳಗನ್ನು ಕಂಡವರಿಲ್ಲ, ಬಿರುಕುಗಳು ಹೀಗಿರಬಹುದು, ಹಾಗಿರಬಹುದು ಎಂದು ನೂರಾರು ನಕ್ಷೆ ಮಾಡಿ ಒಂದೊಂದರಲ್ಲೂ ನೀರು ಬಿಟ್ಟು ನೋಡುತ್ತೇವೆ ಎಂದು ಹೇಳಿದೆ. ಅವನು ಮೊದಲ ಸಲ ನನ್ನ ಕೆಲಸದ ಬಗ್ಗೆ ನಗದೆ ಕೇಳಿಸಿಕೊಂಡ.

"ಹೆಚ್ಚಿನ ನಕ್ಷೇಲಿ ಮುಂದಿನ ಬೋರಿಗೆ ಬರ್ತದೆ" ಎಂದೆ. ಸುಳ್ಳು ಹೇಳಬಹುದಿತ್ತು. ಹೇಳಲು ಮನಸ್ಸಾಗಲಿಲ್ಲ.

ಅವನು ಪಕ್ಕದಲ್ಲಿ ಕೂತ. ಆಮೇಲೆ ಕೇಳಿದ, "ಬರ್ದೇ ಇರೋದು ಒಂದಾದ್ರೂ ಐತಾ?"

"ಐತೆ."

"ಅದನ್ನ ತೋರ್ಸು."

ತೆರೆದು ತೋರಿಸಿದೆ. ಹಿಂದಿನ ಬೋರಿಗೆ ಬಿಟ್ಟದ್ದು ಕೆಳಗಿಳಿದು, ತೋಟದ ಕಡೆ ತಿರುಗಿ, ಅಲ್ಲೇ ನಿಂತಿತು. ಮುಂದಿನ ಬೋರಿಗೆ ಏನೂ ತಾಗಲಿಲ್ಲ. ಅಣ್ಣ ಕಣ್ಣು ಮಿಟುಕಿಸದೆ ನೋಡಿದ. ಅಷ್ಟು ದಿನ ಹೊತ್ತುಕೊಂಡು ತಿರುಗಿದ ನನ್ನ ಸಿಟ್ಟು ಆಗ ಇಳಿದುಹೋಯಿತು. ಉಳಿದದ್ದು ಸಂಕಟ.

"ಇನ್ನೊಂದ್ಸಲ ಹಾಕವ್ವ" ಎಂದ.

ಹಾಕಿದೆ.