ನೀರಿನ ಹಕ್ಕಿಗೆ ಮಿಂಚಿನ ಮದ್ದು

ರಿಟೈರಾದ ಮೇಲೆ ನನಗೆ ಕೂತಲ್ಲಿ ಕೂರಲು ಆಗುತ್ತಿರಲಿಲ್ಲ. ರೈಲ್ವೆ ಕಂಟ್ರೋಲ್ ರೂಮಿನಲ್ಲಿ ಎರಡು ಕಿವಿಗೂ ಫೋನ್ ಹಿಡಿದು ಬದುಕಿದವನು ನಾನು. ಈಗ ಕೀಲ್ಪಾಕಿನ ಮನೆಯಲ್ಲಿ ಚಪ್ಪಲಿಗಳನ್ನು ಜೋಡಿಸಿ, ಜೋಡಿಸಿದ್ದನ್ನೇ ಮತ್ತೆ ಜೋಡಿಸುತ್ತಿದ್ದೆ. "ನೀವು ಹೀಗೆ ಸುತ್ತಿದ್ರೆ ನನಗೆ ತಲೆ ಸುತ್ತುತ್ತೆ" ಎಂದು ಹೆಂಡತಿ ಗೊಣಗುತ್ತಿದ್ದಳು.

ಸೊಸೆ ಮಂಡ್ಯದ ಕಡೆಯವಳು, ಹತ್ತಿರದ ಆಸ್ಪತ್ರೆಯೊಂದರಲ್ಲಿ ನರ್ಸು. ಒಂದು ದಿನ ನನ್ನ ಫೋನಿಗೆ ಒಂದು ಆಟ ಹಾಕಿಕೊಟ್ಟಳು. ಬೀದಿಯಲ್ಲಿ ನಡೆದರೆ ಫೋನಿನೊಳಗೆ ವಿಚಿತ್ರ ಪ್ರಾಣಿಗಳು ಕಾಣುತ್ತವೆ, ಚೆಂಡು ಎಸೆದು ಹಿಡಿಯಬೇಕು. ಕೆಲವು ಜಾಗಗಳಲ್ಲಿ ದೊಡ್ಡದೊಂದು ಪ್ರಾಣಿ, ಅಂದರೆ ಬಾಸ್, ಸ್ವಲ್ಪ ಹೊತ್ತು ಬಂದು ಕೂರುತ್ತದೆ. ಒಬ್ಬೊಬ್ಬರೂ ಆರು ಪ್ರಾಣಿಗಳನ್ನು ಕಟ್ಟಿಕೊಂಡು ಹೋಗಿ, ನಾಲ್ಕೈದು ಜನ ಸೇರಿ ಅದನ್ನು ಬೀಳಿಸಬೇಕು. ಯಾವ ಆರು ಅನ್ನುವುದನ್ನು ಪ್ರತಿ ಸಲ ಸೊಸೆಯೇ ಆರಿಸುತ್ತಿದ್ದಳು.

ಒಂದು ಭಾನುವಾರ ಅವಳಿಗೆ ಡ್ಯೂಟಿ. ಪಾರ್ಕಿನ ಹತ್ತಿರ ಬಾಸ್ ಬಂದಿರುವುದು ಕಂಡು ನಾನೊಬ್ಬನೇ ಓಡಿದೆ. ಗೇಟಿನ ಬಳಿ ಸ್ಕೂಟರಿನಲ್ಲಿ ಬಂದ ಗಂಡಹೆಂಡತಿ ಮತ್ತು ಬ್ಯಾಂಕಿನಲ್ಲಿ ಕೆಲಸ ಮಾಡುವ ಒಬ್ಬ ಹೆಂಗಸು ಕಾಯುತ್ತಿದ್ದರು. ಆಟವೇ ತೋರಿಸಿದ ಆರನ್ನು ಹಾಗೇ ಒಪ್ಪಿಕೊಂಡು ನುಗ್ಗಿದೆ. ನನ್ನವು ಒಂದೂ ಬೀಳಲಿಲ್ಲ, ಬಂಡೆಯ ಹಾಗೆ ನಿಂತವು. ಬಾಸೂ ಬೀಳಲಿಲ್ಲ. ಒಂದು ಕೂದಲೆಳೆಯಷ್ಟು ಜೀವ ಉಳಿದಿರುವಾಗ ಆ ಸುತ್ತಿನ ಸಮಯ ಮುಗಿಯಿತು.

"ಸಾರ್, ನೀಂಗ ಎನ್ನ ಪೋಟ್ಟೀಂಗ?" ಎಂದು ಬ್ಯಾಂಕಿನವರು ತಮಿಳಿನಲ್ಲಿ ಕೇಳಿದರು. ನಾನು ಏನನ್ನು ಹಾಕಿದ್ದೆನೋ ನನಗೇ ಗೊತ್ತಿರಲಿಲ್ಲ. ಸ್ವಲ್ಪ ದೂರ ಹೋಗಿ ಸೊಸೆಗೆ ಫೋನ್ ಮಾಡಿದೆ.

"ಮಾವ, ಗಾಯದ ಡ್ರೆಸ್ಸಿಂಗ್ ಮಧ್ಯೆ ಇದೀನಿ, ಬೇಗ ಹೇಳಿ. ಬಾಸ್ ಯಾವ ಜಾತಿ?"

"ನೀರಿಂದು. ರೆಕ್ಕೆನೂ ಇದೆ."

"ಹಂಗಾದ್ರೆ ಮಿಂಚಿನವನ್ನ ಹಾಕಿ. ನೀರಿಗೂ ಆಗಲ್ಲ, ಹಕ್ಕಿಗೂ ಆಗಲ್ಲ, ಎರಡು ಪಟ್ಟು ಏಟು. ಆಟ ಕೊಡೋದನ್ನ ನಂಬಬೇಡಿ, ಅದು ಗಟ್ಟಿ ಮೈಯವನ್ನ ಕೊಡುತ್ತೆ."

"ನನ್ನ ಮಿಂಚಿನವು ಶಾನೆ ಸೊರಗಿವೆ ಅಮ್ಮಾ. ಟಕ್ಕನೆ ಬಿದ್ದುಬಿಡ್ತವೆ."

"ಬೀಳಲಿ ಬಿಡಿ. ಬೀಳೋಕೆ ಮುಂಚೆ ಎಷ್ಟು ಹೊಡೀತು ಅನ್ನೋದೇ ಲೆಕ್ಕ. ಬಿದ್ದವನ್ನ ಆಮೇಲೆ ಔಷಧಿ ಹಾಕಿ ಎಬ್ಬಿಸಬಹುದು."

ಫೋನ್ ಇಟ್ಟಳು. ಬಾಸ್ ಪಾರ್ಕಿನಿಂದ ಹೊರಡುವ ಹೊತ್ತು ಹತ್ತಿರವಾಗುತ್ತಿತ್ತು, ಇನ್ನೊಂದು ಸುತ್ತಿಗೆ ಮಾತ್ರ ಅವಕಾಶ. ನಾನು ತಿಂಗಳುಗಟ್ಟಲೆ ಸಾಕಿದ್ದ ಬೆಂಕಿಯ ಪ್ರಾಣಿಯನ್ನು ತೆಗೆಯಲು ಬೆರಳು ಒಪ್ಪಲಿಲ್ಲ. ನೀರಿನ ಎದುರು ಅದು ದಂಡವೆಂದು ಗೊತ್ತಿದ್ದೂ ಎರಡು ಸಲ ತೆಗೆದು ಎರಡು ಸಲ ಹಾಕಿದೆ. "ಸಾರ್, ಸೀಕ್ಕಿರಂ!" ಎಂದು ಸ್ಕೂಟರಿನಾತ ಅವಸರ ಮಾಡಿದ. ಕೊನೆಗೆ ತೆಗೆದೇಬಿಟ್ಟೆ. ಆರಕ್ಕೆ ಆರೂ ಮಿಂಚಿನವೇ.

ಒಂದೊಂದಾಗಿ ಉದುರಿದವು. ಆದರೆ ಪ್ರತಿ ಏಟಿಗೂ ಬಾಸಿನ ಜೀವದ ಪಟ್ಟಿ ಸರ್ರನೆ ಇಳಿಯಿತು. ನನ್ನ ಆರನೆಯದು ತೂರಾಡುತ್ತಿರುವಾಗ ಬಾಸ್ ಮಗುಚಿಕೊಂಡಿತು. ಬ್ಯಾಂಕಿನವರು ಚಪ್ಪಾಳೆ ತಟ್ಟಿದರು. ನನಗೆ ಗೊತ್ತಿಲ್ಲದೆ ನಾನೂ ಕೂಗಿಬಿಟ್ಟೆನಂತೆ. ಪಾರ್ಕಿನಲ್ಲಿ ನಡೆಯುತ್ತಿದ್ದವರು ತಿರುಗಿ ನೋಡಿದರು.

ಸೋತ ಬಾಸನ್ನು ಹಿಡಿಯಲು ಕೆಲವೇ ಚೆಂಡು ಕೊಡುತ್ತಾರೆ. ಅವಸರದಲ್ಲಿ ಒಂದರ ಹಿಂದೊಂದು ಎಸೆದೆ. ಒಂದೂ ನೆಟ್ಟಗೆ ಬೀಳಲಿಲ್ಲ. ಉಳಿದ ಮೂವರಿಗೂ ಸಿಕ್ಕಿತು, ನನ್ನದು ಓಡಿಹೋಯಿತು.

ಮನೆಗೆ ಬಂದು ಮತ್ತೆ ಚಪ್ಪಲಿ ಜೋಡಿಸತೊಡಗಿದೆ. ಸಂಜೆ ಡ್ಯೂಟಿ ಮುಗಿಸಿ ಬಂದ ಸೊಸೆ ನನ್ನ ಮುಖ ನೋಡಿದವಳೇ, ಬ್ಯಾಗು ಕೆಳಗಿಡದೆ ಕೇಳಿದಳು: "ಆರನ್ನೂ ಆರಿಸಿದ್ದು ಯಾರು?"

"ನಾನೇ."

"ಮತ್ತೆ ಯಾಕೆ ಈ ಮುಖ? ರಾಯಪುರಂ ಸ್ಟೇಷನ್ ಹತ್ರ ಅಂಥದ್ದೇ ಇನ್ನೊಂದು ಬಂದಿದೆಯಂತೆ. ನಡೀರಿ."

ಬಸ್ಸಿನಲ್ಲಿ ಅವಳು ಕಿಟಕಿಗೆ ತಲೆಯಾನಿಸಿ ನಿದ್ದೆಹೋದಳು. ನನ್ನ ಆರರಲ್ಲಿ ಐದನೆಯದನ್ನು ಬದಲಿಸಲೇ ಎಂದು ಕೇಳಲು ಎಬ್ಬಿಸಹೋಗಿ, ಅವಳ ಊದಿದ ಕಾಲು ನೋಡಿ ಸುಮ್ಮನಾದೆ. ಆದರೂ ಬದಲಿಸಿದೆ, ಎರಡು ಸ್ಟಾಪ್ ಆದ ಮೇಲೆ ಮತ್ತೆ ಹಳೆಯದನ್ನೇ ಹಾಕಿದೆ.

ಕತ್ತಲಾಗುವ ಮುಂಚೆ ಆ ಹಕ್ಕಿ ಸಿಕ್ಕಿತು. ಮರುದಿನ ಪಾರ್ಕಿಗೆ ಬೇರೆ ಬಾಸ್ ಬಂತು, ಮಣ್ಣಿನ ಜಾತಿ. ಅದಕ್ಕೆ ಮಿಂಚು ನಾಟುವುದೇ ಇಲ್ಲವಂತೆ. ಮತ್ತೆ ಮೊದಲಿನಿಂದ ಆರಿಸಬೇಕು.