ತಂಗಿಗೂ ಹೇಳದ ಮಾತು

ಕುಕ್ಕುಂದೂರಿನ ಆನ್ಸಿಲ್ಲಾ ಮಣಿಪಾಲದ ಒಂದು ಸಣ್ಣ ಕ್ಲಿನಿಕ್ಕಿನಲ್ಲಿ ಕೌನ್ಸೆಲರ್. ಕುಡಿತ ಬಿಡಲು ಬರುವವರೊಡನೆ ಮಾತಾಡುವುದು ಅವಳ ಕೆಲಸ. ಅಲ್ಲಿ ಕೇಳಿದ್ದನ್ನು ಮನೆಯಲ್ಲಿ ಎತ್ತುತ್ತಿರಲಿಲ್ಲ. ತಾಯಿ ಕಾನ್ಸೆಪ್ಟಾ ಕೆದಕಿ ಕೇಳಿದರೂ, ಇವತ್ತು ಜನ ಜಾಸ್ತಿ ಎಂದಷ್ಟೇ ಹೇಳುತ್ತಿದ್ದಳು.

ಒಂದು ಭಾನುವಾರ ತಂಗಿ ಫಿಯೋನಾಳ ಸಂಬಂಧ ಮಾತಾಡಲು ಕಟಪಾಡಿಯಿಂದ ಹುಡುಗನೂ ಅವನ ತಾಯಿಯೂ ಬಂದರು. ಹುಡುಗನೂ ಫಿಯೋನಾಳೂ ಉಡುಪಿಯ ಒಂದೇ ಕಚೇರಿಯಲ್ಲಿದ್ದು ಮೆಚ್ಚಿಕೊಂಡವರು. ಹುಡುಗನ ಹೆಸರು ಕಾರ್ಲ್ ಎಂದು ಆನ್ಸಿಲ್ಲಾ ಕೇಳಿದ್ದಳು. ಆ ಹೆಸರಿನವರು ಊರಲ್ಲಿ ಹಲವರಿದ್ದರು. ಜ್ಯೂಸ್ ಹಿಡಿದು ಚಾವಡಿಗೆ ಬಂದಾಗ ಅವನ ಮುಖ ಕಂಡಳು. ಎರಡು ವರ್ಷದಿಂದ ಅವಳೆದುರು ಕೂತು ಮಾತಾಡುತ್ತಿದ್ದವನು. ಕುಡಿದ ಅಮಲಿನಲ್ಲಿ ತಾಯಿಯನ್ನು ತಳ್ಳಿ ಕೈ ಮುರಿದದ್ದನ್ನು ಅತ್ತು ಹೇಳಿದವನು. ಆ ತಾಯಿ ಈಗ ಪಕ್ಕದಲ್ಲಿ ನಗುತ್ತ ಕೂತಿದ್ದರು. ಕಾರ್ಲ್ ಬಿಳಿಚಿಕೊಂಡ. ಆನ್ಸಿಲ್ಲಾ ಹೊಸಬರಿಗೆ ಕೊಡುವಂತೆ ಗ್ಲಾಸು ಕೊಟ್ಟಳು.

ಮರುದಿನ ಅವಳು ಕಾರ್ಲ್‌ನ ಹೆಸರು ಹೇಳದೆ ಹಿರಿಯ ಕೌನ್ಸೆಲರ್ ಬ್ರೆಂಡಾರ ಸಲಹೆ ಕೇಳಿದಳು. ಅವನು ಕುಡಿತ ಬಿಟ್ಟು ವರ್ಷ ದಾಟಿತ್ತು, ಆಮೇಲೆ ಯಾರ ಮೇಲೂ ಕೈ ಮಾಡಿರಲಿಲ್ಲ. ಹಾಗಿದ್ದರೆ ಗುಟ್ಟು ಬಿಟ್ಟುಕೊಡುವಂತಿಲ್ಲ, ಅವನ ಕೌನ್ಸೆಲರ್ ಆಗಿ ಮುಂದುವರಿಯುವಂತೆಯೂ ಇಲ್ಲ ಎಂದರು ಬ್ರೆಂಡಾ.

ಕಾರ್ಲ್ ಕ್ಲಿನಿಕ್ಕಿಗೆ ಬಂದಾಗ, ಇನ್ನು ಬೇರೊಬ್ಬರ ಹತ್ತಿರ ಹೋಗಬೇಕೆಂದು ತಿಳಿಸಿದಳು.

"ಫಿಯೋನಾಗೆ ನೀವೇ ಹೇಳಿ ಮೇಡಂ. ನನಗೆ ಧೈರ್ಯ ಇಲ್ಲ," ಎಂದ.

"ಮದುವೆಗೆ ಮುಂಚೆ ನೀವೇ ಹೇಳ್ಬೇಕು ಕಾರ್ಲ್. ನೀವು ಹೇಳದಿದ್ದರೂ ನಾನು ಹೇಳುವುದಿಲ್ಲ."



ಮನೆಯಲ್ಲಿ ಮದುವೆಯ ಸೀರೆಯ ಮಾತು ಬಂದರೆ ಆನ್ಸಿಲ್ಲಾ ಏನಾದರೂ ನೆಪ ಹೇಳಿ ಏಳುತ್ತಿದ್ದಳು. ಮದುವೆಯಾಗದ ಅಕ್ಕನಿಗೆ ಹೊಟ್ಟೆಕಿಚ್ಚು ಎಂದರು ಕಾನ್ಸೆಪ್ಟಾ. ಅವಳು ಅಲ್ಲವೆನ್ನಲಿಲ್ಲ.

ಚರ್ಚಿನಲ್ಲಿ ಮದುವೆಯ ಪ್ರಕಟಣೆ ಓದುವ ಮೊದಲು ಕಾರ್ಲ್ ಫಿಯೋನಾಳನ್ನು ಕಾಪು ಬೀಚಿಗೆ ಕರೆದೊಯ್ದು ಎಲ್ಲವನ್ನೂ ಹೇಳಿದ. ತನ್ನ ಕೌನ್ಸೆಲರ್ ಯಾರೆಂಬುದನ್ನೂ ಹೇಳಿದ. ಅವಳು ನೇರ ಮನೆಗೆ ಬಂದು ಅಡಿಗೆಮನೆಯಲ್ಲಿ ಅಕ್ಕನೆದುರು ನಿಂತಳು.

"ನಿನಗೆ ಮೊದಲೇ ಗೊತ್ತಿತ್ತು ಅಲ್ವಾ? ಆದರೂ ನನಗೆ ಒಂದು ಮಾತು ಹೇಳ್ಲಿಲ್ಲ."

"ಕ್ಲಿನಿಕ್ಕಿನ ವಿಷಯ ನಾನು ಮಾತಾಡ್ಲಿಕ್ಕಿಲ್ಲ, ಫಿಯೋನಾ."

"ನಾನು ಎಂತ, ಹೊರಗಿನವಳಾ?"



ಫಿಯೋನಾ ಮದುವೆ ಮುಂದೂಡಿದಳು. ಮರುವರ್ಷ ಕಾರ್ಲ್‌ನನ್ನೇ ಮದುವೆಯಾದಳು. ಅವನ ಮೇಲಿನ ಸಿಟ್ಟು ಇಳಿದಿತ್ತು. ಅಕ್ಕನ ಮೇಲಿನದು ಇಳಿಯಲಿಲ್ಲ. ಹಬ್ಬಕ್ಕೆ ಬಂದರೆ ತಾಯಿಯೊಡನೆ ಕೂತು ಹೋಗುತ್ತಾಳೆ.

ಆನ್ಸಿಲ್ಲಾ ಈಗಲೂ ಅದೇ ಕ್ಲಿನಿಕ್ಕಿನಲ್ಲಿದ್ದಾಳೆ. ಹೊಸದಾಗಿ ಬಂದವರ ಊರು, ಮನೆ, ನೆಂಟರನ್ನು ಮೊದಲೇ ವಿಚಾರಿಸಿ, ಪರಿಚಯ ಹತ್ತಿರದ್ದಾದರೆ ಬ್ರೆಂಡಾರ ಬಳಿಗೆ ಕಳಿಸುತ್ತಾಳೆ.